ಪದವಿಯೊಳಗೇ ಅಧ್ಯಾಪನ ಶಿಕ್ಷಣ: ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು 1939ರಲ್ಲಿ ಮಂಡ್ಯ ಜಿಲ್ಲೆ ರಚನೆಯಾಗುವವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದವು. ಆಡಳಿತ ಬೇರೆಯಾದರೂ ಉನ್ನತ ವಿದ್ಯಾಭ್ಯಾಸದ ಮಟ್ಟಿಗೆ ಈ ಪ್ರದೇಶದ ನೋಟ ಬಹುಕಾಲ ಮೈಸೂರಿನ ಕಡೆಗೇ ಇತ್ತು. ಮೈಸೂರು ಸಂಸ್ಥಾನವು 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ಜಾರಿಗೆ ತಂದಾಗಿನಿಂದ ಶಾಲೆಗಳೊಂದಿಗೆ ಉಪಾಧ್ಯಾಯರ ಅಗತ್ಯವೂ ಹೆಚ್ಚುತ್ತ ಬಂದಿತು. ಮೇಷ್ಟರು ಎಷ್ಟು ಓದಿರಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಉತ್ತರ ದೊರೆತಿದೆ; ಓದನ್ನೂ ಕಲಿಸುವ ವಿದ್ಯೆಯನ್ನೂ ಒಂದರ ನಂತರ ಒಂದಾಗಿ ಪಡೆಯಬೇಕೆ, ಒಟ್ಟಿಗೇ ಪಡೆಯಬೇಕೆ ಎಂಬ ಪ್ರಶ್ನೆ ಮಾತ್ರ ಇನ್ನೂ ಉಳಿದಿದೆ.

ಈ ತಾಲ್ಲೂಕುಗಳಲ್ಲಿ ಅಧ್ಯಾಪಕರಾಗಬಯಸುವವರು ಸಾಮಾನ್ಯವಾಗಿ ಹಿಡಿಯುವ ಹಾದಿಗಳು ಎರಡು. ಪಿ.ಯು.ಸಿ.ಯ ನಂತರ ಎರಡು ವರ್ಷಗಳ ಡಿ.ಎಲ್.ಎಡ್. ಮಾಡುವುದು ಒಂದು, ಹಳಬರ ಬಾಯಲ್ಲಿ ಇದು ಇಂದಿಗೂ ಟಿ.ಸಿ.ಎಚ್. ಮೂರು ವರ್ಷಗಳ ಪದವಿಯ ನಂತರ ಬಿ.ಎಡ್. ಮಾಡುವುದು ಮತ್ತೊಂದು. ಹಿಂದೆ ಒಂದು ವರ್ಷದ್ದಾಗಿದ್ದ ಬಿ.ಎಡ್., ನ್ಯಾಯಮೂರ್ತಿ ವರ್ಮಾ ಆಯೋಗದ 2012ರ ವರದಿಯನ್ನನುಸರಿಸಿ ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತು (ಎನ್.ಸಿ.ಟಿ.ಇ.) ರೂಪಿಸಿದ 2014ರ ನಿಯಮಾವಳಿಯಂತೆ ಎರಡು ವರ್ಷಗಳಿಗೆ ವಿಸ್ತರಿಸಿತು. ಪರಿಣಾಮವಾಗಿ ಪ್ರೌಢಶಾಲಾ ಅಧ್ಯಾಪಕನಾಗಲು ಪಿ.ಯು.ಸಿ.ಯಿಂದಾಚೆಗೆ ಐದು ವರ್ಷಗಳು ಬೇಕಾದವು. ಬಿ.ಎಡ್. ಪದವೀಧರರು 1ರಿಂದ 5ನೆಯ ತರಗತಿಗಳ ಬೋಧನೆಗೆ ಅರ್ಹರಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2023ರ ಆಗಸ್ಟ್‌ನಲ್ಲಿ ತೀರ್ಪಿತ್ತ ಮೇಲೆ ಈ ಎರಡು ಹಾದಿಗಳ ನಡುವಿನ ಗೋಡೆ ಇನ್ನಷ್ಟು ಗಟ್ಟಿಯಾಯಿತು. ಚಿಕ್ಕ ಮಕ್ಕಳಿಗೆ ಕಲಿಸಬೇಕೆ, ದೊಡ್ಡವರಿಗೆ ಕಲಿಸಬೇಕೆ ಎಂಬುದನ್ನು ಹದಿನೆಂಟರ ವಯಸ್ಸಿನಲ್ಲಿಯೇ ನಿರ್ಧರಿಸಬೇಕಾಗಿದೆ.

ಮೂರನೆಯ ಹಾದಿಯೊಂದು ಹೊಸದೆಂಬಂತೆ ಈಗ ಚರ್ಚೆಯಲ್ಲಿದೆ. ವಾಸ್ತವವಾಗಿ ಅದು ಶ್ರೀರಂಗಪಟ್ಟಣದಿಂದ ಸುಮಾರು 15 ಕಿಲೋಮೀಟರ್ ದೂರದಲ್ಲಿ ಆರು ದಶಕಗಳಿಂದ ಇದೆ. ಎನ್.ಸಿ.ಇ.ಆರ್.ಟಿ. ಸಂಸ್ಥೆಯು 1963ರಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರುಗಳಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯಗಳನ್ನು ಆರಂಭಿಸಿತು. ಮಾನಸಗಂಗೋತ್ರಿಯ ನೆರೆಯಲ್ಲಿರುವ ಮೈಸೂರಿನ ಸಂಸ್ಥೆ ಈಗ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೆಂದು ಹೆಸರಾಗಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳೊಂದಿಗೇ ಶಿಕ್ಷಣ ಮನೋವಿಜ್ಞಾನವನ್ನೂ ಬೋಧನಾ ವಿಧಾನವನ್ನೂ ಓದಿ ನಾಲ್ಕು ವರ್ಷಗಳಲ್ಲಿ ಒಂದೇ ಪದವಿ ಪಡೆಯುವ ಬಿ.ಎಸ್ಸಿ.ಎಡ್. ವ್ಯಾಸಂಗ ಅಲ್ಲಿ ಬೆಳೆಯಿತು. ಆವರಣದೊಳಗೇ ಪ್ರಾತ್ಯಕ್ಷಿಕೆಯ ಶಾಲೆಯೊಂದಿರುವುದು ಈ ಯೋಜನೆಯ ಮುಖ್ಯ ಅಂಗ. ಅಧ್ಯಾಪಕ ಶಿಕ್ಷಣವು ವಿಶ್ವವಿದ್ಯಾನಿಲಯದ ಬದುಕಿನಿಂದಲೂ ಶಾಲೆಯಿಂದಲೂ ದೂರವಾಗಿ ಒಂಟಿಯಾಗಿದೆ ಎಂದು 1964-66ರ ಕೊಠಾರಿ ಆಯೋಗ ಗುರುತಿಸಿದ ದೋಷಕ್ಕೆ ಇಂಥ ವ್ಯವಸ್ಥೆಯೇ ಒಂದು ಪರಿಹಾರವಾಗಿತ್ತು.

ಹೀಗೆ ಒಟ್ಟಿಗೆ ಓದುವುದರಿಂದ ಆಗುವ ಪ್ರಯೋಜನವನ್ನು ಒಂದು ಉದಾಹರಣೆಯಿಂದ ನೋಡಬಹುದು. ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ. ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಮುದ್ರಿಸುವ ಅಣೆಕಟ್ಟೆಯ ನೀರಿನ ಮಟ್ಟ ನಾಲೆಯ ನೀರನ್ನು ನಂಬಿದ ಊರುಗಳ ಮಕ್ಕಳಿಗೂ ಪರಿಚಿತ. ಆದರೆ ಅದನ್ನು 124 ಅಡಿ 8 ಅಂಗುಲವೆಂದು ಓದುವ ಮಗುವಿದೆ. 9ಕ್ಕಿಂತ 80 ದೊಡ್ಡದಾದ್ದರಿಂದ 124.9ಕ್ಕಿಂತ 124.80 ಹೆಚ್ಚೆಂದು ವಾದಿಸುವ ಮಗುವೂ ಇದೆ. ಗಣಿತ ಪದವೀಧರನಿಗೆ ಸರಿಯುತ್ತರ ಗೊತ್ತು: 0.80 ಅಡಿ ಎಂದರೆ 9.6 ಅಂಗುಲ. ಬಿ.ಎಡ್. ವಿದ್ಯಾರ್ಥಿಗೆ ಕಲಿಕೆಯ ಸಿದ್ಧಾಂತಗಳು ಗೊತ್ತು. ಪೂರ್ಣಸಂಖ್ಯೆಯ ನಿಯಮವನ್ನೇ ಮಗು ದಶಮಾಂಶಕ್ಕೂ ಹೊಂದಿಸುತ್ತಿದೆ, ಅದರ ತಪ್ಪಿನಲ್ಲಿಯೂ ಒಂದು ತರ್ಕವಿದೆ ಎಂದು ಕಾಣಲು ಬೇಕಾದದ್ದು ಇವೆರಡೂ ಬೆರೆತ ಮೂರನೆಯ ಬಗೆಯ ತಿಳಿವಳಿಕೆ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ 1986ರಲ್ಲಿ ಇದನ್ನು ಅಧ್ಯಾಪಕರಿಗೇ ವಿಶಿಷ್ಟವಾದ ಜ್ಞಾನವೆಂದು ವಿವರಿಸಿದರು. ಪದವಿಯಲ್ಲಿ ಗಣಿತವನ್ನು ಮುಗಿಸಿ, ಅನಂತರ ಬೇರೆ ಕಾಲೇಜಿನಲ್ಲಿ ಮನೋವಿಜ್ಞಾನವನ್ನು ಓದುವವನಿಗೆ ಇವೆರಡನ್ನು ಬೆಸೆಯುವ ಹೊಣೆ ತನ್ನೊಬ್ಬನದೇ ಆಗುತ್ತದೆ. (ಕಾಲೇಜು ಅಧ್ಯಾಪಕರಿಗೆ ಬಿ.ಎಡ್. ಕಡ್ಡಾಯವಲ್ಲ ಎಂಬುದು ಈ ಚರ್ಚೆಯಲ್ಲಿ ಯಾರೂ ಎತ್ತದ ಮಾತು.)

ಹತ್ತಿರದಲ್ಲಿದ್ದೂ ಈ ವ್ಯಾಸಂಗ ನಾಲ್ಕು ತಾಲ್ಲೂಕುಗಳಿಗೆ ಸಮನಾಗಿ ಎಟುಕುವುದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರಗಳು ಬೆಂಗಳೂರು–ಮೈಸೂರು ರೈಲುಮಾರ್ಗದಲ್ಲಿವೆ; ಅಲ್ಲಿಯ ವಿದ್ಯಾರ್ಥಿ ಮನೆಯಿಂದಲೇ ಹೋಗಿಬರಬಲ್ಲ. ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಮೂಲಕ ಮೈಸೂರು–ಹಾಸನ ಮಾರ್ಗ ಹಾದುಹೋಗುತ್ತದೆಯಾದರೂ ಪೇಟೆಗೆ ಬಸ್ಸೇ ಗತಿ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರಕ್ಕೆ ಬಂದ ರೈಲು ಬೆಂಗಳೂರು–ಹಾಸನ ಮಾರ್ಗದ್ದು, ಅದರ ಮುಖ ಮೈಸೂರಿಗಿಲ್ಲ. ದೂರಕ್ಕಿಂತ ದೊಡ್ಡ ತೊಡಕು ಭಾಷೆ. ಮೈಸೂರಿನ ಸಂಸ್ಥೆ ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿದ್ದು, ಬೋಧನಾ ಮಾಧ್ಯಮ ಇಂಗ್ಲಿಷು. ಕನ್ನಡ ಮಾಧ್ಯಮದಲ್ಲಿ ಕಲಿತು, ನಾಳೆ ಕನ್ನಡ ಮಾಧ್ಯಮದಲ್ಲಿಯೇ ಕಲಿಸಲಿರುವವರು ಕಲಿಸುವ ವಿದ್ಯೆಯನ್ನು ಮಾತ್ರ ಇಂಗ್ಲಿಷಿನಲ್ಲಿ ಪಡೆಯಬೇಕಾಗುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ವೇಳೆಗೆ ನಾಲ್ಕು ವರ್ಷಗಳ ಸಂಯೋಜಿತ ಬಿ.ಎಡ್. ಪದವಿಯನ್ನೇ ಶಾಲಾ ಅಧ್ಯಾಪಕರ ಕನಿಷ್ಠ ಅರ್ಹತೆಯಾಗಿಸುವ ಗುರಿಯಿಟ್ಟಿತು. ಪದವೀಧರರಿಗಾಗಿ ಎರಡು ವರ್ಷಗಳ ಬಿ.ಎಡ್. ಹಾದಿಯನ್ನೂ ಉಳಿಸಿತು. 2023ರಲ್ಲಿ ಆಯ್ದ ಸಂಸ್ಥೆಗಳಲ್ಲಿ ಹೊಸ ವ್ಯಾಸಂಗ (ಐ.ಟಿ.ಇ.ಪಿ.) ಆರಂಭವಾಯಿತು. ಅದರ ಪ್ರವೇಶ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ನಡೆಸಲಾಯಿತು. ಬಾಗಿಲಲ್ಲಿ ಕನ್ನಡ ಸಂದಿತು. ತರಗತಿಯ ಕೋಣೆಯ ಮಾತು ಹಾಗೆಯೇ ಉಳಿಯಿತು. ಕರ್ನಾಟಕ ಸರ್ಕಾರವು 2024-25ರಿಂದ ಸಾಮಾನ್ಯ ಪದವಿಯನ್ನು ಮತ್ತೆ ಮೂರು ವರ್ಷಗಳಿಗೆ ಇಳಿಸಿದ್ದರಿಂದ ಇಲ್ಲಿಯ ವಿದ್ಯಾರ್ಥಿಗೆ ಲೆಕ್ಕ ಸ್ಪಷ್ಟವಾಗಿದೆ: ಊರಿನ ಸಮೀಪದ ಪದವಿ ಕಾಲೇಜು ಮತ್ತು ಬಿ.ಎಡ್. ಸೇರಿ ಐದು ವರ್ಷ, ದೂರದ ಸಂಯೋಜಿತ ವ್ಯಾಸಂಗ ನಾಲ್ಕು ವರ್ಷ.

ಉಳಿಯುವ ಆ ಒಂದು ವರ್ಷ ಮಳೆಯನ್ನೇ ನಂಬಿದ ನಾಗಮಂಗಲದ ರೈತ ಕುಟುಂಬಕ್ಕೆ, ಅದರಲ್ಲಿಯೂ ಮಗಳನ್ನು ಓದಿಸುತ್ತಿರುವ ಕುಟುಂಬಕ್ಕೆ, ಅಲ್ಪವಲ್ಲ. ಆದರೆ ಹಾಸ್ಟೆಲ್ಲಿನ ಖರ್ಚು, ಇಂಗ್ಲಿಷಿನ ಅಂಜಿಕೆ, ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಇವೆಲ್ಲ ಸೇರಿ ಆ ಉಳಿತಾಯವನ್ನು ನುಂಗಿಬಿಡುತ್ತವೆ. ಹೊಸ ವ್ಯಾಸಂಗವನ್ನು ಹಲವು ವಿಷಯಗಳನ್ನು ಬೋಧಿಸುವ ಸಂಸ್ಥೆಗಳು ಮಾತ್ರ ನಡೆಸಬಹುದೆಂಬ ನಿಯಮವಿದೆ. ಕಲೆ, ವಿಜ್ಞಾನ, ವಾಣಿಜ್ಯ ವಿಭಾಗಗಳಿರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಸುತ್ತಲಿನ ಶಾಲೆಗಳೊಡನೆ ಸೇರಿ ಇದನ್ನು ಕನ್ನಡದಲ್ಲಿ ನಡೆಸಲು ಬೇಕಾದದ್ದು ಶಿಕ್ಷಣ ವಿಭಾಗವೊಂದು, ಅದಕ್ಕೆ ಕಾಯಂ ಅಧ್ಯಾಪಕರು, ಮತ್ತು ಕನ್ನಡದಲ್ಲಿ ಬರೆದ ಪಠ್ಯಗಳು. ಇವುಗಳಲ್ಲಿ ಮೊದಲ ಎರಡು ಸರ್ಕಾರದ ಆದೇಶದಿಂದ ಆಗತಕ್ಕವು. ಮೂರನೆಯದನ್ನು ವಿಶ್ವವಿದ್ಯಾನಿಲಯಗಳೂ ಅಕಾಡೆಮಿಗಳೂ ಆದೇಶಕ್ಕೆ ಕಾಯದೆಯೇ ಕೈಗೆತ್ತಿಕೊಳ್ಳಬಹುದು.