ಮಾತು ಬಿಟ್ಟ ನಾಟಕಕಾರ: ಶಿವರಾಮ ಕಾರಂತರ ರಂಗಪ್ರಯೋಗಗಳು

ಶಿವರಾಮ ಕಾರಂತರು ಅಂದ ಕೂಡಲೆ ನಮಗೆ ನೆನಪಾಗುವುದು 'ಚೋಮನ ದುಡಿ' (1933), 'ಮರಳಿ ಮಣ್ಣಿಗೆ', 'ಮೂಕಜ್ಜಿಯ ಕನಸುಗಳು'. ಆದರೆ ಅವರು ನಾಟಕಗಳನ್ನೂ ಬರೆದರು, ಒಂದೆರಡಲ್ಲ. 'ಗರ್ಭಗುಡಿ' ಇದೆ, ಏಕಾಂಕಗಳಿವೆ, 'ಮುಕ್ತದ್ವಾರ', 'ಕಿಸಾ ಗೋತಮಿ'ಯಂಥ ಗೀತನಾಟಕಗಳಿವೆ. ಈಗ ಕನ್ನಡ ನಾಟಕದ ಯಾವುದಾದರೂ ಪಠ್ಯಕ್ರಮ ತೆಗೆದು ನೋಡಿ. ಕೈಲಾಸಂ, ಶ್ರೀರಂಗ, ಆಮೇಲೆ ಕಾರ್ನಾಡ, ಕಂಬಾರ. ಕಾರಂತ ಅಂತ ಕಂಡರೆ ಅದು ಬಹುಶಃ ಬಿ.ವಿ. ಕಾರಂತ! ಇದು ಯಾಕೆ ಹೀಗಾಯ್ತು ಅನ್ನೋದು ನನ್ನ ಪ್ರಶ್ನೆ.

ಪ್ರಯತ್ನ ಸಾಲದು ಅನ್ನುವ ಹಾಗಿಲ್ಲ. ಕಾಲೇಜು ಬಿಟ್ಟು ಅಸಹಕಾರ ಚಳವಳಿಗೆ ಇಳಿದ ತರುಣ ಕಾರಂತರು ಸಮಾಜ ಸುಧಾರಣೆಗೆ ನಾಟಕವನ್ನು ಸಾಧನವಾಗಿ ಹಿಡಿದರು. ತಾವೇ ಬರೆದರು, ಆಡಿಸಿದರು, ಬಣ್ಣ ಹಚ್ಚಿದರು. ಪುತ್ತೂರಿನಲ್ಲಿ ಮಕ್ಕಳನ್ನು ಕುಣಿಸಿದರು. ಮೂಕಿ ಚಿತ್ರ ತೆಗೆಯುವುದಕ್ಕೂ ಕೈಹಾಕಿದರು. ತೊಡಕು ಇದ್ದದ್ದು, ನನ್ನ ಪ್ರಕಾರ, ಸುಧಾರಣೆಯ ಆ ಹಂಬಲದಲ್ಲೇ. 'ಗರ್ಭಗುಡಿ' ದೇವರ ಹೆಸರಿನಲ್ಲಿ ನಡೆಯುವ ಶೋಷಣೆಯ ಮೇಲಿನ ನಾಟಕ. ಹೇಳಬೇಕಾದದ್ದು ಮೊದಲೇ ತೀರ್ಮಾನವಾಗಿದೆ, ಪಾತ್ರಗಳು ಬಂದು ಹೇಳಿ ಹೋಗುತ್ತವೆ ಅನ್ನಿಸುತ್ತೆ. ಕೈಲಾಸಂ ಪಾತ್ರ ಬಾಯಿ ತೆರೆದರೆ ಬೆಂಗಳೂರಿನ ಒಂದು ಮನೆ, ಅದರ ಇಂಗ್ಲಿಷ್ ಬೆರೆತ ಮಾತು, ಒಳಗಿನ ಜಗಳ ಎಲ್ಲ ಒಟ್ಟಿಗೆ ಕೇಳುತ್ತೆ.

ಅದೇ ಕಾರಂತರು 'ಚೋಮನ ದುಡಿ'ಯಲ್ಲಿ ಏನು ಮಾಡಿದರು? ಬೇಸಾಯ ಮಾಡಬೇಕೆಂಬ ಆಸೆ, ಅಸ್ಪೃಶ್ಯನೆಂಬ ಕಾರಣಕ್ಕೆ ಭೂಮಿ ಸಿಗದ ಸಂಕಟ: ಚೋಮ ಇದನ್ನು ಭಾಷಣ ಮಾಡಿ ಹೇಳುವುದಿಲ್ಲ. ದುಡಿ ಬಾರಿಸುತ್ತಾನೆ. ಸಿಟ್ಟು ಬಂದರೂ ದುಡಿ, ಖುಷಿಯಾದರೂ ದುಡಿ. ಮಾತು ನಿಂತ ಕಡೆ ನಿರೂಪಕ ಬಂದು ಕಾಡು, ಸಾಲ, ಮಕ್ಕಳ ಸಾವು ಎಲ್ಲವನ್ನೂ ಆ ಸದ್ದಿನ ಸುತ್ತ ಜೋಡಿಸುತ್ತಾನೆ. ಈ ಬಗೆಯ ನಾಟಕದಲ್ಲಿ ಆ ನಿರೂಪಕನಿಗೆ ಜಾಗ ಇಲ್ಲ. ಅವನನ್ನು ಹೊರಗಿಟ್ಟರೆ ಅವನ ವಿವರಣೆಯೆಲ್ಲ ಪಾತ್ರಗಳ ಬಾಯಿಗೆ ಬಂದು ಸೇರುತ್ತೆ.

ಇದು ಕಾರಂತರೊಬ್ಬರ ಕಷ್ಟವಲ್ಲ. 1895ರ ಜನವರಿ 5ರಂದು ಲಂಡನ್ನಿನ ಸೇಂಟ್ ಜೇಮ್ಸ್ ಥಿಯೇಟರಿನಲ್ಲಿ ಹೆನ್ರಿ ಜೇಮ್ಸ್ ಅವರ 'ಗೈ ಡಾಮ್‌ವಿಲ್' ಮೊದಲ ಸಲ ಆಡಿದಾಗ, ಕೊನೆಗೆ ರಂಗಕ್ಕೆ ಬಂದ ಲೇಖಕರನ್ನು ಗ್ಯಾಲರಿಯವರು ಕೂಗಿ ಅವಮಾನಿಸಿದರು. ಸುಮಾರು ಒಂದು ತಿಂಗಳಿಗೆ ನಾಟಕ ನಿಂತಿತು. ಅದರ ಜಾಗಕ್ಕೆ ಬಂದದ್ದು ಆಸ್ಕರ್ ವೈಲ್ಡ್ ನಾಟಕ. ಜೇಮ್ಸ್ ಕಾದಂಬರಿಗೆ ಮರಳಿದರು, ದೃಶ್ಯ ಕಟ್ಟುವ ಕ್ರಮವನ್ನು ರಂಗದಿಂದ ಜೊತೆಗೆ ಒಯ್ದರು. 'ದಿ ಆಕ್ವರ್ಡ್ ಏಜ್' (1899) ಬಹುಪಾಲು ಸಂಭಾಷಣೆಯಲ್ಲೇ ನಡೆಯುತ್ತೆ.

ಕಾರಂತರು ರಂಗವನ್ನು ಬಿಡಲಿಲ್ಲ, ಮಾತನ್ನು ಬಿಟ್ಟರು. ಯಕ್ಷಗಾನವನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿ 'ಯಕ್ಷಗಾನ ಬಯಲಾಟ' ಬರೆದರು. 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಅದಕ್ಕೆ, ಗಮನಿಸಿ, ಕಾದಂಬರಿಗಲ್ಲ. ಮುಂದೆ ಯಕ್ಷಗಾನ ಬ್ಯಾಲೆ ಕಟ್ಟಿದಾಗ ವೇಷಧಾರಿಗಳ ಮಾತುಗಾರಿಕೆಯನ್ನೇ ತೆಗೆದರು. ಉಳಿದದ್ದು ಭಾಗವತರ ಪದ, ಕುಣಿತ, ಚೆಂಡೆ, ಮದ್ದಳೆ. ಸೇರಿಕೊಂಡದ್ದು ಪಿಟೀಲು, ಸ್ಯಾಕ್ಸೋಫೋನ್. ಮಾತಿಲ್ಲದ ಮೇಲೆ ಅದೆಂಥ ಯಕ್ಷಗಾನ ಅಂತ ಸಂಪ್ರದಾಯಸ್ಥರು ಆಕ್ಷೇಪಿಸಿದರು. ಇದನ್ನು ಬರೀ ಸೌಂದರ್ಯದೃಷ್ಟಿಯ ನಿರ್ಧಾರ ಅಂತ ನಾನು ಓದುವುದಿಲ್ಲ. ನಾಟಕದಲ್ಲಿ ಒಲಿಯದ ಮಾತನ್ನು ಕೈಬಿಟ್ಟ ಮೇಲೆ ರಂಗ ಅವರಿಗೆ ಒಲಿಯಿತು. ದುಡಿಯ ಕೆಲಸವನ್ನು ಇಲ್ಲಿ ಚೆಂಡೆ ಮಾಡಿತು.

ನನಗೊಂದು ತಕರಾರೂ ಇದೆ. ನಾನು ಚಿನ್ನಾಳಪಟ್ಟಿಯವಳು. ನಮ್ಮ ದೇವಾಂಗರ ಮನೆಗಳಲ್ಲಿ ಆಡುವುದು ಕನ್ನಡ, ಓದುವುದು ತಮಿಳು. ನನ್ನ ಅಜ್ಜಿಗೆ ಕನ್ನಡದ ಒಂದಕ್ಷರವೂ ಓದೋಕೆ ಬರಲ್ಲ. ಅಂಥವರ ಹತ್ತಿರಕ್ಕೆ ಕಾದಂಬರಿ ಬರುವುದಿಲ್ಲ, ನಾಟಕ ಬರಬಹುದು. ಬ್ಯಾಲೆ ಕಣ್ಣಿಗೆ ತುಂಬುತ್ತೆ ನಿಜ, ತಮ್ಮ ನುಡಿ ಕಿವಿಗೆ ಬೀಳಬೇಕು ಅನ್ನುವವರಿಗೆ ಅಲ್ಲಿ ಸಿಗೋದು ಕಡಿಮೆ. ಹೊಲದ, ಸಾಲದ ಕಷ್ಟ ಅಷ್ಟು ಬಲ್ಲ ಲೇಖಕರು ಒಂದು ಗಟ್ಟಿ ಮಾತಿನ ನಾಟಕ ಕೊಟ್ಟಿದ್ದರೆ ನೇಯ್ಗೆಯವರ ಮನೆಯಲ್ಲೂ ಅರ್ಥವಾಗುತ್ತಿತ್ತು.

ಪ್ರಶ್ನೆ: ಹಾಗಾದರೆ 'ಚೋಮನ ದುಡಿ' ಸಿನಿಮಾ ಹೇಗೆ ಗೆದ್ದಿತು?

ಉತ್ತರ: 1975ರ ಆ ಚಿತ್ರದ ನಿರ್ದೇಶಕರು ರಂಗಭೂಮಿಯವರೇ, ಬಿ.ವಿ. ಕಾರಂತರು. ಸ್ವರ್ಣಕಮಲ ಬಂತು, ಚೋಮನ ಪಾತ್ರಕ್ಕೆ ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅಲ್ಲಿ ದುಡಿ ನಿಜವಾಗಿ ಕೇಳಿಸುತ್ತೆ ಅನ್ನೋದು ದೊಡ್ಡ ಕಾರಣ. ಅಜ್ಜಿಗೆ ಫೋನಿನಲ್ಲಿ ಹಾಕಿ ತೋರಿಸಿದೆ. ಮಾತು ಬಂದಾಗಲೆಲ್ಲ 'ಏನಂದ?' ಅಂತ ಕೇಳ್ತಿದ್ದರು, ದುಡಿ ಬಾರಿಸುವಾಗ ಕೇಳಲಿಲ್ಲ. ಹಾಗಾಗಿ ನನ್ನ ತಕರಾರನ್ನು ಇನ್ನೂ ಸ್ವಲ್ಪ ಯೋಚಿಸಬೇಕು. ಸಮಯ ಮುಗೀತು ಅಂತ ಮೇಡಂ ಹೇಳ್ತಿದಾರೆ, ನಿಲ್ಲಿಸ್ತೀನಿ.