ಪಡುವಣದಿಂದ ಹದಿನಾಲ್ಕು ಡಿಗ್ರಿ ಬಲಕ್ಕೆ

ಬೆಳಗಾವಿ ಜಿಲ್ಲೆಯ ಕಲ್ಲೋಳಿಯ ಬಯಲಿನಲ್ಲಿ ಪಡುವಣಕ್ಕೆ ಮುಖಮಾಡಿ ನಿಂತು ಮೊಬೈಲಿನಲ್ಲಿ ಕಿಬ್ಲಾ, ಅಂದರೆ ನಮಾಜಿಗೆ ಮುಖಮಾಡಬೇಕಾದ ಮಕ್ಕೆಯ ದಿಕ್ಕು, ತೋರುವ ಆ್ಯಪನ್ನು ತೆರೆದವನಿಗೆ ಒಂದು ಸಣ್ಣ ವಿಸ್ಮಯ ಕಾದಿರುತ್ತದೆ. ಮಕ್ಕೆಯಿರುವುದು ಪಶ್ಚಿಮಕ್ಕೆಂದು ಎಳವೆಯಿಂದಲೂ ಕೇಳುತ್ತ ಬಂದಿದ್ದರೂ, ಬಾಣವು ಅಲ್ಲಿಂದ ಸುಮಾರು 14 ಡಿಗ್ರಿ ಬಲಕ್ಕೆ, ಅಂದರೆ ಬಡಗಣಕ್ಕೆ, ಸರಿದು ನಿಲ್ಲುತ್ತದೆ. ಗೋಡೆಯ ಮೇಲಿನ ಚಪ್ಪಟೆ ನಕಾಶೆಯಲ್ಲಿ ಗೀಟೆಳೆದು ಅಳೆದರೆ 9 ಡಿಗ್ರಿ ಮಾತ್ರ ಬಂದೀತು. ಉಳಿದ ಐದು, ಭೂಮಿಯು ಗುಂಡಗಿರುವುದರ ಫಲ. ಗಜನಿಯ ಕಿಬ್ಲಾವನ್ನು ಗಣಿಸುವ ಸಲುವಾಗಿಯೇ ವಿದ್ವಾಂಸನಾದ ಅಲ್‌ ಬಿರೂನಿಯು 1025ರಲ್ಲಿ ಒಂದು ಗ್ರಂಥವನ್ನು ಪೂರೈಸಿದ್ದನು. ಆ ತ್ರಿಕೋನಮಿತಿಯನ್ನೇ ಇಂದು ಜೇಬಿನೊಳಗಿನ ಯಂತ್ರವು ಕಣ್ಣೆವೆಯಿಕ್ಕುವುದರೊಳಗೆ ಮಾಡಿ ಮುಗಿಸುತ್ತದೆ.

ಆದರೆ ಅದೇ ಮೊಬೈಲನ್ನು ಮೋಟರ್‌ಸೈಕಲ್ಲಿನ ಟ್ಯಾಂಕಿನ ಮೇಲಿಟ್ಟು ನೋಡಿರಿ. ಬಾಣವು ದಿಕ್ಕುಗೆಟ್ಟು ತಿರುಗುತ್ತದೆ. ಸ್ಥಳವನ್ನು ಉಪಗ್ರಹಗಳು ತಿಳಿಸುತ್ತವೆಯಾದರೂ, ದಿಕ್ಕನ್ನರಿಯಲು ಯಂತ್ರವು ಭೂಮಿಯ ಅತಿ ಕ್ಷೀಣವಾದ ಕಾಂತಕ್ಷೇತ್ರವನ್ನೇ ನೆಚ್ಚಿಕೊಂಡಿದೆ. ಪಕ್ಕದ ಕಬ್ಬಿಣವು ಅದನ್ನು ಸುಲಭವಾಗಿ ವಂಚಿಸಬಲ್ಲದು.

ಈಚೆಗೆ ಮಸೀದಿಗಳಲ್ಲಿ ಕಾಣುವ, ಕೆಂಪಕ್ಷರಗಳಲ್ಲಿ ನಮಾಜಿನ ವೇಳೆಯನ್ನು ಬೆಳಗಿ ತೋರುವ ಎಲ್‌ಇಡಿ ಫಲಕವೂ ಸೂರ್ಯನ ಲೆಕ್ಕವನ್ನೇ ಹೇಳುತ್ತದೆ. ಕಲ್ಲೋಳಿಯಲ್ಲಿ ಸೂರ್ಯನು ವಿಜಯಪುರಕ್ಕಿಂತ ಸುಮಾರು 3 ನಿಮಿಷ ತಡವಾಗಿ ನೆತ್ತಿಗೇರುವುದರಿಂದ, ಒಂದೂರಿನ ಫಲಕವನ್ನು ತಿದ್ದದೆ ಇನ್ನೊಂದೂರಿಗೆ ತಂದು ತೂಗುಹಾಕುವುದು ಸರಿಯಲ್ಲ.

ಇಷ್ಟು ಜಾಣ್ಮೆಯು ನಮಾಜಿಗೆ ಬರುವವನಿಗೆ ಒದಗಿರುವಾಗ, ನೋಡಲು ಬರುವವನಿಗೆ ಮಾತ್ರ ಏನೂ ಒದಗಿಲ್ಲವೆಂಬುದು ನನ್ನ ಕೊರಗು. ವಿಜಯಪುರಕ್ಕೆ ಹೋದವರು ಗೋಳಗುಮ್ಮಟದಲ್ಲಿ ಕೂಗಿ, ಪ್ರತಿಧ್ವನಿಯನ್ನು ಕೇಳಿ, ಹಿಂದಿರುಗುತ್ತಾರೆ. ಒಂದನೆಯ ಅಲಿ ಆದಿಲಶಾಹನು ಕಟ್ಟಿಸತೊಡಗಿದ ಜಾಮಿಯಾ ಮಸೀದಿಯ ಒಳಹೊಕ್ಕವರೂ, ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ಗೆರೆಯೆಳೆದ 2250 ನಮಾಜಿನ ಚೌಕಟ್ಟುಗಳನ್ನಾಗಲಿ, ಕಿಬ್ಲಾ ತೋರುವ ಗೂಡಾದ ಮಿಹರಾಬಿನ ಮೇಲೆ ಹೊನ್ನಿನಲ್ಲಿ ಹೊಳೆಯುವ ಲಿಪಿಯನ್ನಾಗಲಿ ಯಾರೂ ಓದಿ ಹೇಳದ ಕಾರಣ, ಮೌನವಾಗಿ ಹೊರಬೀಳುತ್ತಾರೆ.

ಇಲ್ಲಿ ಸಲ್ಲುವ ಸಾಧನವು ಕ್ಯೂಆರ್ ಕೋಡ್ ಎಂಬ ಚುಕ್ಕಿಚೌಕ. ಜಪಾನಿನ ಡೆನ್ಸೋ ವೇವ್ ಸಂಸ್ಥೆಯ ಮಸಾಹಿರೊ ಹಾರಾ ಮತ್ತವರ ಸಂಗಡಿಗರು 1994ರಲ್ಲಿ ಮೋಟಾರಿನ ಬಿಡಿಭಾಗಗಳ ಎಣಿಕೆಗಾಗಿ ರಚಿಸಿದ ಇದು, ಇಂದು ನಮ್ಮ ಚಹಾದ ಅಂಗಡಿಯಲ್ಲಿ ಹಣವನ್ನೆಣಿಸುತ್ತಿದೆ. ಮೂರು ಮೂಲೆಗಳ ದೊಡ್ಡ ಚೌಕಗಳು ಕ್ಯಾಮರಾಕ್ಕೆ ತಲೆ ಯಾವುದು, ಬುಡ ಯಾವುದು ಎಂಬುದನ್ನು ತಿಳಿಸುತ್ತವೆ. ನಡುವಣ ಚುಕ್ಕಿಗಳಲ್ಲಿ ಮಾಹಿತಿಯೊಂದಿಗೆ ತಿದ್ದುಪಡಿಯ ಗಣಿತವೂ ಹುದುಗಿರುವುದರಿಂದ, ಅತ್ಯಂತ ಭದ್ರವಾದ ಬಗೆಯಲ್ಲಿ ಸುಮಾರು 30 ಪ್ರತಿಶತ ಭಾಗವು ಅಳಿಸಿಹೋದರೂ ಒಕ್ಕಣೆಯನ್ನು ಮರಳಿ ಪಡೆಯಬಹುದು. ಧೂಳು, ಬಿಸಿಲು, ಹುಡುಗರ ಉಗುರು, ಇವುಗಳಿಗೆಲ್ಲ ಇಷ್ಟು ಸಹನೆ ಸಾಕು.

ಆ ಕೋಡಿಗೆ ಮೊಬೈಲು ಹಿಡಿದಾಗ ಮಸೀದಿಯನ್ನು ವಿವರಿಸುವ ಧ್ವನಿಯು ಮೊದಲು ಕನ್ನಡದಲ್ಲಿರಲಿ. ದಖನಿಯೂ ಮರಾಠಿಯೂ ಜೊತೆಗಿರಲಿ. ಕಲ್ಲೋಳಿಯಲ್ಲಿಯೇ ರಟ್ಟ ಅರಸ ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಂತಿನಾಥ ಬಸದಿಯ ಶಾಸನವಿದ್ದು, ಅದನ್ನು ಓದಬಲ್ಲವರು ಊರಿನಲ್ಲಿ ಎಷ್ಟು ಮಂದಿ ಎಂಬುದನ್ನು ನೆನೆದರೆ, ಈ ಕೊರತೆಯು ಮಸೀದಿಗಳೊಂದರದೇ ಅಲ್ಲವೆಂದು ಹೊಳೆಯುತ್ತದೆ. ಆದರೆ ಗೋಂದು ಹಚ್ಚಿದ ಕೋಡಿನ ಚೀಟಿಯನ್ನು ಹಳೆಯ ಕಲ್ಲಿಗೆ ಅಂಟಿಸುವ ಅವಿವೇಕವನ್ನು ಮಾತ್ರ ಯಾರೂ ಮಾಡಬಾರದು. ಅದರ ಜಾಗ ಹೊಸ್ತಿಲಿನಾಚೆ, ಚಪ್ಪಲಿ ಬಿಡುವೆಡೆಯಲ್ಲಿ, ಒಂದು ಮರದ ಹಲಗೆಯ ಮೇಲೆ. ಬಾಗಿ ವಾರು ಬಿಚ್ಚುವವನ ಕಣ್ಣಿಗೆ ಅದು ತಾನಾಗಿಯೇ ಬೀಳುತ್ತದೆ.