ಗುಳ್ಳೆಗಳಿಲ್ಲದ ಟಾರ್ಪೆಡೊ

1942ರ ಸೆಪ್ಟೆಂಬರ್ 15ರಂದು ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳ ಆಗ್ನೇಯಕ್ಕೆ, ಐ-19 ಎಂಬ ಜಪಾನೀ ಜಲಾಂತರ್ಗಾಮಿಯು ಆರು ಟಾರ್ಪೆಡೊಗಳನ್ನು ಬಿಟ್ಟಿತು. ಅಮೆರಿಕದ ವಿಮಾನವಾಹಕ ನೌಕೆ ‘ವಾಸ್ಪ್’ ಹೊತ್ತಿ ಉರಿಯಿತು. ಸುಮಾರು ಇನ್ನೂರು ನಾವಿಕರು ಮಡಿದರು. ಗುರಿತಪ್ಪಿದವು ಇನ್ನೂ ಕೆಲವು ಕಿಲೋಮೀಟರು ಮುಂದೋಡಿ ‘ನಾರ್ತ್ ಕ್ಯಾರೊಲಿನಾ’ ಎಂಬ ಭಾರಿ ಯುದ್ಧನೌಕೆಯನ್ನೂ ‘ಓಬ್ರಿಯನ್’ ಎಂಬ ಸಣ್ಣ ನೌಕೆಯನ್ನೂ ಸೀಳಿದವು. ಇಂತಹ ಓಟವು ಹೇಗೆ ಸಾಧ್ಯವಾಯಿತು?

ಇಂಧನವು ಉರಿಯಲು ಆಮ್ಲಜನಕವು ಬೇಕೆಂಬುದನ್ನು ನಾವೆಲ್ಲರೂ ಬಲ್ಲೆವು. ನೀರಿನೊಳಗೆ ಅದು ದೊರೆಯದಾದ್ದರಿಂದ ಸಾಮಾನ್ಯ ಟಾರ್ಪೆಡೊ ಒತ್ತಿ ತುಂಬಿದ ಗಾಳಿಯನ್ನು ತನ್ನೊಡನೆ ಒಯ್ಯುತ್ತಿತ್ತು. ಆದರೆ ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕ. ಅದು ದಹನಕ್ಕೆ ನೆರವಾಗದು, ನೀರಿನಲ್ಲಿ ಹೆಚ್ಚು ಕರಗದು. ಬಿಳಿಯ ಗುಳ್ಳೆಗಳ ಸಾಲಾಗಿ ಮೇಲೆದ್ದು ಟಾರ್ಪೆಡೊವಿನ ಹಾದಿಯನ್ನು ಶತ್ರುವಿಗೆ ತೋರಿಸಿಕೊಡುತ್ತಿತ್ತು.

ಜಪಾನೀಯರು ಗಾಳಿಯ ಬದಲು ಶುದ್ಧ ಆಮ್ಲಜನಕವನ್ನೇ ತುಂಬಿದರು. ಸೀಮೆಎಣ್ಣೆಯು ಅದರಲ್ಲಿ ಉರಿದಾಗ ಉಂಟಾಗುವುದು ಮುಖ್ಯವಾಗಿ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡು. ನೀರಾವಿಯು ತಣಿದು ನೀರಾಗುತ್ತದೆ. ಎರಡನೆಯದು ಸೋಡಾ ನೀರಿನಲ್ಲಿರುವ ಅನಿಲವೇ, ಸಮುದ್ರದಲ್ಲಿ ಸುಲಭವಾಗಿ ಕರಗುತ್ತದೆ. ಹೀಗೆ ಗುಳ್ಳೆಗಳ ಜಾಡು ಬಹುಮಟ್ಟಿಗೆ ಮಾಯವಾಯಿತು. ನಿರುಪಯುಕ್ತ ಸಾರಜನಕವನ್ನು ಹೊರುವ ಹೊರೆಯೂ ತಪ್ಪಿತು. ಜಪಾನಿನ 95ನೆಯ ಮಾದರಿಯು ಗಂಟೆಗೆ ಸುಮಾರು 90 ಕಿಲೋಮೀಟರು ವೇಗದಲ್ಲಿ 9 ಕಿಲೋಮೀಟರು ಓಡಬಲ್ಲದಾಗಿತ್ತು. ಅಮೆರಿಕದ 14ನೆಯ ಮಾದರಿಯು ತನ್ನ ಹೆಚ್ಚಿನ ವೇಗದಲ್ಲಿ ಸುಮಾರು 4 ಕಿಲೋಮೀಟರು ಮಾತ್ರ.

ಇಷ್ಟಾದರೂ ಜಪಾನಿನ ಜಲಾಂತರ್ಗಾಮಿಗಳು ಯುದ್ಧದ ಗತಿಯನ್ನು ಬದಲಿಸಲಿಲ್ಲ. ಏಕೆ? ಟಾರ್ಪೆಡೊ ತನ್ನ ಉಸಿರನ್ನು ತಾನೇ ಒಯ್ಯುತ್ತಿತ್ತು. ಅದನ್ನು ಹೊತ್ತ ನೌಕೆಗೆ ಆ ಭಾಗ್ಯವಿರಲಿಲ್ಲ. ನೀರಿನೊಳಗೆ ಅದು ವಿದ್ಯುತ್ಕೋಶಗಳ ಬಲದಿಂದ ಚಲಿಸಬೇಕು. ಅವನ್ನು ಮತ್ತೆ ತುಂಬಲು ಮೇಲೆ ಬಂದು, ಗಾಳಿಯಲ್ಲಿ ಡೀಸೆಲ್ ಯಂತ್ರವನ್ನು ನಡೆಸಬೇಕು. ಕತ್ತಲೆಯಲ್ಲಿ ಮೇಲೆ ಬಂದರೂ ಶತ್ರುವಿನ ರೇಡಾರು ಕಾಣುತ್ತಿತ್ತು. ಅಲ್ಲದೆ ಜಪಾನಿನ ಸೇನಾಪತಿಗಳು ಸರಕುಹಡಗುಗಳಿಗಿಂತ ಬಲಿಷ್ಠ ಯುದ್ಧನೌಕೆಗಳ ಬೇಟೆಗೇ ಹೆಚ್ಚು ಒತ್ತುಕೊಟ್ಟರು. ಮುಂದೆ ಹಲವು ಜಲಾಂತರ್ಗಾಮಿಗಳನ್ನು ದ್ವೀಪಗಳ ಸೈನಿಕರಿಗೆ ಅಕ್ಕಿ ಸಾಗಿಸಲು ತೊಡಗಿಸಿದರು.

1943ರ ನವೆಂಬರಿನಲ್ಲಿ ಗಿಲ್ಬರ್ಟ್ ದ್ವೀಪಗಳ ಬಳಿ, ರಾತ್ರಿಯಲ್ಲಿ ಮೇಲೆ ಬಂದಿದ್ದ ಐ-19 ಅಮೆರಿಕದ ನೌಕೆಯೊಂದರ ರೇಡಾರಿಗೆ ಸಿಕ್ಕಿತು. ಅದು ಮುಳುಗಿ ಅಡಗಿತಾದರೂ ಸಿಡಿಗುಂಡುಗಳು ಬೆನ್ನಟ್ಟಿದವು. ಒಳಗಿದ್ದವರಲ್ಲಿ ಒಬ್ಬರೂ ಉಳಿಯಲಿಲ್ಲ. ಗುಳ್ಳೆಗಳನ್ನು ಅಡಗಿಸಿದ ವಿಜ್ಞಾನವು ಆ ನಾವಿಕರನ್ನು ಅಡಗಿಸಲಾರದೆ ಹೋಯಿತು. ಒಂದು ಆಯುಧದ ಶ್ರೇಷ್ಠತೆಯನ್ನು ಕಂಡು ಬೆರಗಾಗುವ ಮೊದಲು, ಅದನ್ನು ಹೊತ್ತವರ ಗತಿಯನ್ನೂ ಅದಕ್ಕೆ ಗುರಿಯಾದವರ ಗತಿಯನ್ನೂ ನಾವು ನೆನೆಯಬೇಕು.